ಲೇಡೀಸ್ ಸೈಕಲ್ಲಿನ ಪರೀಕ್ಷಕರು

ಹೆಂಗಸರಿಗೆಂದು ಏನನ್ನಾದರೂ ಕೊಳ್ಳುವಾಗ ನಮ್ಮ ಗಂಡಸರಿಗೆ ಅಷ್ಟೊಂದು ತಿಳಿವಳಿಕೆ ಎಲ್ಲಿಂದ ಬರುತ್ತದೋ ನನಗೆ ಗೊತ್ತಿಲ್ಲ. ಸೀರೆ ಅಂಗಡಿಯಲ್ಲಿ ಗೋಡೆಗೊರಗಿ ಆಕಳಿಸುವವರೂ ಮಿಕ್ಸಿಯ ಮುಂದೆ ನಿಂತ ಕೂಡಲೇ ಎಂಜಿನಿಯರುಗಳಾಗಿಬಿಡುತ್ತೇವೆ. ನಾನಂತೂ ತತ್ತ್ವಶಾಸ್ತ್ರದ ಎಂ.ಎ. ಪರೀಕ್ಷಿಸದೆ ಏನನ್ನೂ ಒಪ್ಪಬಾರದೆಂದು ಕಲಿತು ಬಂದವನು. ಹಾಲಿನವಳ ಹಾಲನ್ನೂ ಜ್ಯೋತಿಷಿಯ ಮಾತನ್ನೂ ಒಂದೇ ಅನುಮಾನದಿಂದ ನೋಡುವವನು. ನನ್ನ ನೆನಪೊಂದರ ಮೇಲೆ ಮಾತ್ರ ಪೂರ್ಣ ನಂಬಿಕೆಯಿತ್ತು. ಮದುವೆಯಾದ ಮೇಲೆ ಅದೂ ಹೋಯಿತು. ಆದ್ದರಿಂದ ಈ ಸೈಕಲ್ಲಿನ ಸಂಗತಿಯಲ್ಲಿ ಎಲ್ಲಾದರೂ ಅನುಮಾನ ಬಂದರೆ ನನ್ನ ಹೆಂಡತಿ ಸುಮಂಗಲೆ ಹೇಳುವುದನ್ನೇ ಸರಿಯೆಂದು ತಿಳಿಯಬೇಕು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಶಿಕಾರಿಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಸುಮಂಗಲೆಗೆ ಅಂಜನಾಪುರದ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಆ ದಾರಿಯ ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮುಂದಿನದನ್ನು ಹಿಡಿದರೆ ಪ್ರಾರ್ಥನೆ ಮುಗಿದು ಮಗ್ಗಿ ಶುರುವಾಗಿರುತ್ತಿತ್ತು. ಒಂದು ಶುಕ್ರವಾರ ಹೆಡ್‌ಮಾಸ್ತರರು, "ಮೇಡಂ, ಸೋಮವಾರದಿಂದ ಬೆಲ್ಲಿಗೆ ಮೊದ್ಲೇ ಬರ್ರಿ. ಇಲ್ಲಾಂದ್ರೆ ಬ್ಯಾರೇರನ್ನ ನೋಡ್ಬೇಕಾಗ್ತತಿ" ಎಂದುಬಿಟ್ಟರು. ಅದು ಅವಳ ಮೊದಲ ಕೆಲಸ. ಅಂದು ಊಟಕ್ಕೆ ಕೂತಾಗ ಸಾರನ್ನೂ ಕಲಸದೆ, "ಒಂದು ಸೈಕಲ್ ತಗೊಂಡ್ರೆ ಆಯ್ತಲ್ರೀ, ಹೈಸ್ಕೂಲಿಗೆ ಸೈಕಲ್ಲಲ್ಲೇ ಹೋಗ್ತಿದ್ನಲ್ಲ" ಎಂದಳು. ನನ್ನ ನೆನಪಿನ ಪ್ರಕಾರ ಅವಳಿಗೆ ಸೈಕಲ್ ಕಲಿಸಿದವನು ನಾನೇ, ಮದುವೆಯಾದ ವರ್ಷ. ಅವಳ ನೆನಪಿನ ಪ್ರಕಾರ ಆ ವರ್ಷ ಅವಳು ನನಗೆ ಪಂಕ್ಚರ್ ಹಾಕುವುದನ್ನು ಕಲಿಸಿದಳು.

ಶನಿವಾರ ಸೊರಬದಿಂದ ಮಾವನವರು ಬಂದಿದ್ದರು. ಮೂವರೂ ಪೇಟೆಗೆ ಹೋದೆವು. ಅಂಗಡಿಯ ರುದ್ರಪ್ಪ ಎರಡು ಲೇಡೀಸ್ ಸೈಕಲ್ ಹೊರಗೆ ತಂದು ನಿಲ್ಲಿಸಿದ. ಒಂದು ಹೊಸದು, ಹಸಿರು, ಎತ್ತರದ್ದು. ಇನ್ನೊಂದು ನೀಲಿ, ಗಿಡ್ಡದು, ಒಂದಷ್ಟು ದಿನ ಬಾಡಿಗೆಗೆ ಓಡಿದ್ದು. ಸುಮಂಗಲೆ ಸೆರಗು ಸಿಕ್ಕಿಸಿಕೊಂಡು ನೀಲಿ ಸೈಕಲ್ಲಿನ ಹ್ಯಾಂಡಲಿಗೆ ಕೈಯಿಟ್ಟಳು. ಮಾವನವರು ಹೌಹಾರಿದರು.

"ಏ, ಇದೇನೇ! ಪೇಟೆ ಮಧ್ಯ ಹತ್ತಿ ನೋಡ್ತೀಯಾ? ನಾಲ್ಕು ಜನ ಏನಂತಾರೆ?"

"ಸೋಮವಾರದಿಂದ ಇದೇ ಪೇಟೆ ಮೇಲೇ ಹೋಗ್ಬೇಕಲ್ಲ, ಅಪ್ಪಾ."

"ಅದು ಸೋಮವಾರದ ಮಾತು. ಅಳಿಯಂದ್ರೇ, ನೀವೊಂದ್ ರೌಂಡ್ ಹೊಡ್ಕಂಡ್ ಬನ್ನಿ."

ನನಗೆ ಬೇಕಾಗಿದ್ದೂ ಅದೇ. ಹಸಿರು ಸೈಕಲ್ ಹತ್ತಿದೆ. ಮೊಣಕಾಲು ಹ್ಯಾಂಡಲಿಗೆ ಬಡಿಯಿತು. ಸೀಟು ತಗ್ಗಾಯಿತೆಂದು ಘೋಷಿಸಿದೆ. ರುದ್ರಪ್ಪ ಸ್ಪ್ಯಾನರ್ ಹಾಕಿ ಎತ್ತರಿಸಿದ. ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಬ್ರೇಕನ್ನು ಮೂರು ಕಡೆ ಸಂಶಯಿಸಿ, ತಿರುಗಿ ಬಂದೆ. ಆಮೇಲೆ ಮಾವನವರು ಪಂಚೆ ಮೇಲೆತ್ತಿ ಕಟ್ಟಿ ತಾವೂ ಒಂದು ಸುತ್ತು ಹಾಕಿ, "ಭಾರ ತಡೀತದೆ ಕಣ್ರೀ" ಎಂದರು. ಯಾವ ಭಾರ ಎಂದು ಯಾರೂ ಕೇಳಲಿಲ್ಲ. ನೀಲಿಯನ್ನೂ ಹತ್ತಿ ನೋಡಿದೆ; ಪೆಡಲ್ ತುಳಿದರೆ ಗದ್ದಕ್ಕೆ ಮೊಣಕಾಲು ತಾಗುವಂತಿತ್ತು. ಇದು ಮನುಷ್ಯರು ಓಡಿಸುವ ಸೈಕಲ್ಲೇ ಅಲ್ಲವೆಂದು ತೀರ್ಪು ಕೊಟ್ಟೆ. ಸುಮಂಗಲೆಯನ್ನೂ ಕೇಳಿದೆ, ಅವಳು ತಲೆಯಾಡಿಸಿ ಒಪ್ಪಿದಳು ಎಂದು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ತಾನು ಗದ್ದದಲ್ಲಿ ನೀಲಿ ಸೈಕಲ್ಲನ್ನು ತೋರಿಸುತ್ತಿದ್ದೆ ಎನ್ನುತ್ತಾಳೆ ಅವಳು.

ಹಸಿರು ಸೈಕಲ್ಲನ್ನೇ ಕೊಂಡೆವು. ಅಲ್ಲೇ ಪೂಜೆಯೂ ಆಯಿತು. ಮಾವನವರು ಹ್ಯಾಂಡಲಿಗೆ ವಿಭೂತಿ ಬಳಿದರು, ಹೂವು ಸುತ್ತಿದರು, ಕಾಯಿ ಒಡೆದರು. ಚಕ್ರದಡಿ ಇಟ್ಟ ನಿಂಬೆಹಣ್ಣನ್ನು ನಾನೇ ಸವಾರನಾಗಿ ಅಪ್ಪಚ್ಚಿ ಮಾಡಿದೆ.

ಭಾನುವಾರ ಬೆಳಿಗ್ಗೆ ಕಾಲೇಜಿನ ಮೈದಾನದಲ್ಲಿ ಸುಮಂಗಲೆ ಮೊದಲ ಸಲ ಅದನ್ನು ಹತ್ತಿದಳು. ಪೆಡಲ್ ಕೆಳಗಿಳಿದಾಗ ಅವಳ ಪಾದ ಗಾಳಿಯಲ್ಲಿ ಉಳಿಯಿತು. ಸೀಟನ್ನು ಪೂರ್ತಿ ಇಳಿಸಿದರೂ ಹೆಬ್ಬೆರಳಷ್ಟೇ ತಾಗಿತು. ಅವಳು ಬೈಯಲಿಲ್ಲ, ಇಳಿದು ನಿಂತು, "ನಾಳೆ ಸೋಮವಾರ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮೂವರೂ ಮತ್ತೆ ರುದ್ರಪ್ಪನಲ್ಲಿಗೆ ಹೋದೆವು. ಅವನು ಹ್ಯಾಂಡಲಿನ ವಿಭೂತಿ ನೋಡಿ ಹಿಂದೆ ಸರಿದ. "ಪೂಜಿ ಆಗಿ ನಿಂಬಿಹಣ್ಣು ದಾಟಿದ ಗಾಡಿ ವಾಪಸ್ ತಗಳ್ಳಾಕೆ ಬರಂಗಿಲ್ರೀ ಸಾರ್. ಅದು ನಿಮ್ಮನಿ ಸೇರ್ಕಂಬಿಡ್ತು." ಮೂಢನಂಬಿಕೆಯ ಮೇಲೆ ನಾನು ಕಾಲೇಜಿನಲ್ಲಿ ಇಡೀ ಒಂದು ಪೀರಿಯಡ್ ಮಾತಾಡಬಲ್ಲೆ. ಆದರೆ ಆ ನಿಂಬೆಹಣ್ಣಿನ ಮೇಲೆ ಹಾದವನು ನಾನೇ ಆದ್ದರಿಂದ ಕರ್ಚೀಫು ತೆಗೆದು ಹ್ಯಾಂಡಲಿನ ವಿಭೂತಿ ಒರೆಸತೊಡಗಿದೆ. ಮಾವನವರು ಆಕಾಶ ನೋಡಿದರು.

ಸುಮಂಗಲೆ ನಮ್ಮಿಬ್ಬರ ನಡುವಿಂದ ಮುಂದೆ ಬಂದು, "ಆ ನೀಲಿ ಸೈಕಲ್ ತಿಂಗಳ ಬಾಡಿಗೆಗೆ ಕೊಡ್ತೀರಾ?" ಎಂದಳು. ಅವನು ಹೂಂ ಅನ್ನುವುದರೊಳಗೆ ಹತ್ತಿಯೇಬಿಟ್ಟಿದ್ದಳು. ಸಂತೆಗೆ ಬಂದಂತೆ ಜನ ನಿಂತು ನೋಡುತ್ತಾರೆಂದು ನಾನೂ ಮಾವನೂ ಸುತ್ತ ಕಣ್ಣಾಡಿಸಿದೆವು. ಹೂವಿನವಳು ತಲೆಯೆತ್ತಿ, "ಅಕ್ಕಾ, ಬದಿಗೆ ಹೋಗ್ರೀ, ಬುಟ್ಟಿ ಐತಿ" ಎಂದಳು. ನಾಲ್ಕು ಜನ ಅಂದದ್ದು ಅಷ್ಟೇ.

ಸೋಮವಾರ ಅವಳು ಬೆಲ್ಲಿಗೆ ಮೊದಲೇ ಶಾಲೆ ತಲುಪಿದಳು. ಅವತ್ತು ಬೆಲ್ ಹೊಡೆದವಳೂ ಅವಳೇ ಎಂದು ಸಂಜೆ ಹೇಳಿದಳು. ನಾನು, ಸುಮ್ಮನೆ ನಿಂತ ಗಾಡಿಗೆ ತುಕ್ಕು ಹಿಡಿಯುತ್ತದೆಂದು ಸೀಟನ್ನು ಮತ್ತೆ ಎತ್ತರಿಸಿ, ಹಸಿರು ಸೈಕಲ್ಲಿನಲ್ಲೇ ಕಾಲೇಜಿಗೆ ಹೋದೆ. ಗೇಟಿನಲ್ಲಿ ನಮ್ಮ ಅಟೆಂಡರು ಅದನ್ನೂ ನನ್ನನ್ನೂ ನೋಡಿ, ಬಹಳ ಮರ್ಯಾದೆಯಿಂದ, "ಮೇಡಂ ಸೈಕಲ್ಲೇನ್ರಿ ಸಾರ್?" ಎಂದ.

"ಅಲ್ಲಪ್ಪ, ನಂದೇ" ಎಂದೆ.

ಕ್ಲಾಸಿಗೆ ನಡೆಯುತ್ತ, ಸುಳ್ಳು ಹೇಳಿದೆನೇ ಎಂದು ರೂಢಿಯಂತೆ ನನ್ನನ್ನೇ ಸಂಶಯಿಸಿಕೊಂಡೆ. ಇಲ್ಲ. ಮೆಚ್ಚಿದವನು ನಾನು, ಓಡಿಸಿ ನೋಡಿದವನು ನಾನು, ಸೀಟು ನಿಂತದ್ದು ನನ್ನ ಕಾಲಿನ ಅಳತೆಗೆ. ಲೇಡೀಸ್ ಎಂಬ ಹೆಸರೊಂದನ್ನು ಬಿಟ್ಟರೆ ಆ ಸೈಕಲ್ಲಿನಲ್ಲಿ ಅವಳದ್ದೆನ್ನುವುದು ಏನೂ ಇರಲಿಲ್ಲ.