ಹೋರಾಟದ ಹುರಳಿ

ಮುರಿಗೆಪ್ಪನ ಫಜೀತಿಗೆಲ್ಲ ಮೂಲ ಕಬ್ಬು. ಕಲ್ಲೋಳಿಯಿಂದ ಸ್ವಲ್ಪ ಆಚೆ, ಗೋಕಾಕ ರಸ್ತೆಗೆ ಹತ್ತಿಕೊಂಡಿದ್ದ ಅವನ ಹೊಲದ ಮೂಲೆಯಲ್ಲಿ ಅಪ್ಪನ ಕಾಲದಿಂದಲೂ ಒಂದು ಕಣವಿತ್ತು. ವರ್ಷಕ್ಕೆ ನಾಲ್ಕು ದಿನ ರಾಶಿ ಮಾಡುವುದಕ್ಕೆ ಅಷ್ಟು ಜಾಗ ಯಾಕೆ ಸುಮ್ಮನೆ ಬಿಡಬೇಕು ಎಂದು ಹೋದ ವರ್ಷ ಅವನು ಅಲ್ಲಿಗೂ ಕಬ್ಬು ಹಚ್ಚಿದ. ಕಬ್ಬು ಮದುವೆ ಗಂಡಿನ ಹಾಗೆ ತಲೆ ಎತ್ತಿ ನಿಂತಿತು. ಆದರೆ ಈ ಸುಗ್ಗಿಯಲ್ಲಿ ಹುರಳಿ ಕಿತ್ತು, ಒಣಗಿಸಿ, ಬದುವಿನ ಹತ್ತಿರ ಗುಡ್ಡೆ ಹಾಕಿದ ಮೇಲೆ ಅದನ್ನು ಬಡಿಯುವುದೆಲ್ಲಿ ಎಂಬ ಪ್ರಶ್ನೆ ಎದ್ದಿತು.

"ಕಬ್ಬಿನ ತಲಿ ಮ್ಯಾಲ ಬಡೀರಿ," ಎಂದಳು ಹೆಂಡತಿ ಕೆಂಚವ್ವ.

ರಾಶಿ ಮಷಿನ್ನಿನವನು "ನಾಳಿ ಬರ್ತೇನ್ರಿ" ಎಂದು ದೀಪಾವಳಿಯಿಂದ ಹೇಳುತ್ತಲೇ ಇದ್ದ. ಅವನ ನಾಳೆ ಬರುವ ಮುಂಚೆ, ಆ ಹೊತ್ತಿನಲ್ಲಿ ಯಾರೂ ಕರೆಯದ ಮೋಡ ಬಂದು ಆಕಾಶದಲ್ಲಿ ಠಳಾಯಿಸತೊಡಗಿತು. ಕೆಂಚವ್ವ ಒಮ್ಮೆ ಮೋಡ ನೋಡಿದಳು, ಒಮ್ಮೆ ಗಂಡನ ಮುಖ ನೋಡಿದಳು. ಎರಡರಲ್ಲೂ ಅವಳಿಗೆ ಭರವಸೆ ಕಾಣಲಿಲ್ಲ.

"ಹುರಳಿ ತೋಯ್ತಂದ್ರ ಗುಡ್ಡ್ಯಾಗ ಮೊಳಕಿ ಒಡದು ಕುಂದರ್ತೈತಿ. ಎತ್ತಿಗಿ ಕುದಿಸಿ ಇಡಾಕ ಹುರಳಿ ಇಲ್ಲ, ನಮಗ ಸಾರಿಗಿ ಇಲ್ಲ, ಬರೋ ವರ್ಷ ಬಿತ್ತಾಕ ಬೀಜ ಇಲ್ಲ. ನಾಳಿ ಸಂಜಿಗಿ ಹುರಳಿ ಚೀಲ ಮನಿಗಿ ಬರಬೇಕು. ಚೀಲ ಬರಲಿಲ್ಲಂದ್ರ ನೀವು ಒಬ್ಬರ ಬರಬ್ಯಾಡ್ರಿ."

ಕೆಂಚವ್ವ ಇಂಥ ಮಾತನ್ನು ತಮಾಷೆಗೆ ಹೇಳುವವಳಲ್ಲ. ಹಿಂದೊಮ್ಮೆ ಸಂತೆಯಿಂದ ಮೆಣಸಿನಕಾಯಿ ಮರೆತು ಬಂದಿದ್ದಕ್ಕೆ ಮುರಿಗೆಪ್ಪ ದನದ ಕೊಟ್ಟಿಗೆಯಲ್ಲಿ ಮಲಗಿದ್ದುಂಟು.

ಉಳಿದದ್ದು ಒಂದೇ ದಾರಿ, ಡಾಂಬರು ದಾರಿ. ಸರಕಾರ ಬಡವ ಶ್ರೀಮಂತ ಎನ್ನದೆ ಎಲ್ಲ ರೈತರಿಗೂ ಕಟ್ಟಿಸಿಕೊಟ್ಟ ಕಣವೆಂದರೆ ಅದೊಂದೇ. ಬೆಳೆ ಹರವಿ ಬಾಜೂ ಕುಂತರೆ ಸಾಕು, ಹೋಗುವ ಬರುವ ಗಾಡಿಗಳೇ ತುಳಿದು ರಾಶಿ ಮಾಡಿಕೊಡುತ್ತವೆ. ಅದರಲ್ಲೂ ಈಗ ಕಬ್ಬಿನ ಹಂಗಾಮು. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಬೆಟ್ಟದಂಥ ಕಬ್ಬು ಹೋಗುತ್ತಿರುತ್ತದೆ. ಅವು ಹತ್ತು ಸಲ ಹಾದರೆ ಹುರಳಿಯೇನು, ಕಲ್ಲೂ ಹಿಟ್ಟಾದೀತು.

ಮರುದಿನ ನಸುಕಿನಲ್ಲೇ ಮುರಿಗೆಪ್ಪ ಬಾರಿಗೆ ತಗೊಂಡು ರಸ್ತೆ ಗುಡಿಸಲು ನಿಂತ. ಬಾಡಿಗೆ ಟ್ರ್ಯಾಕ್ಟರಿನ ಸಿದ್ರಾಯನಿಗೆ ಬದುವಿನ ಹತ್ತಿರದ ಗುಡ್ಡೆ ಹೇರಿಕೊಂಡು ಬಾ ಎಂದು ಕಳಿಸಿದ. ಹೊತ್ತು ಮೂಡುವಷ್ಟರಲ್ಲಿ ಹುರಳಿ ರಸ್ತೆಯ ಮೇಲೆ ಗಾದಿಯ ಹಾಗೆ ಹಾಸಿಬಿದ್ದಿತ್ತು. ಮೊದಲು ಹಾಲಿನ ಗಾಡಿ ಹಾದುಹೋಯಿತು. ಆಮೇಲೆ ಕೆಂಪು ಬಸ್ಸು. ಕಂಡಕ್ಟರ್ ಬಾಗಿಲಿಂದ ತಲೆ ಹಾಕಿ, "ಪುಕ್ಕಟೆ ತುಳದೇವ್ರಿಪಾ! ಸಂಜಿಮುಂದ ಒಂದ ಬೊಗಸಿ ತಗದಿಡ್ರಿ!" ಎಂದು ಕೂಗಿದ. ಮುರಿಗೆಪ್ಪ ನಕ್ಕ. ಆ ದಿನ ಅವನು ಮನಸಾರೆ ನಕ್ಕದ್ದು ಅದೇ ಕೊನೆ.

ಯಾಕೆಂದರೆ ಆ ಬಸ್ಸಿನ ಹಿಂದೆ ಮತ್ತೇನೂ ಬರಲಿಲ್ಲ. ಟ್ರ್ಯಾಕ್ಟರಿಲ್ಲ, ಲಾರಿ ಇಲ್ಲ, ಟಂಟಂ ಕೂಡ ಇಲ್ಲ. ರಸ್ತೆ ನೆಂಟರು ಹೋದ ಮನೆಯ ಹಾಗೆ ಬಿಕೋ ಎನ್ನತೊಡಗಿತು. ಒಂದು ನಾಯಿ ಬಂದು ಹುರಳಿ ಮೇಲೆ ಆರಾಮ ಮಲಗಿತು.

"ಕ್ರಾಸಿನ್ಯಾಗ ರಸ್ತಾ ರೋಕೋ ನಡದೈತಿ, ಮಾವಾ," ಎಂದು ಸಿದ್ರಾಯ ಸುದ್ದಿ ತಂದ. "ಹಗಲಹೊತ್ತು ತ್ರೀ ಫೇಸ್ ಕರೆಂಟ್ ಬೇಕಂತ. ಒಂದ ಗಾಡೀನೂ ಬಿಡವಲ್ರು. ನಾ ಹೊಲದಾಗ ಹಾಯ್ದು ಬಂದೇನಿ."

"ಅಲ್ಲೋ, ಕರೆಂಟ್ ನನಗೂ ಬೇಕು. ಆದ್ರ ಇವತ್ತ ಬೇಕಿತ್ತೇನು? ನಿನ್ನೆ ಮಾಡಿದ್ರ ಆಗ್ತಿರಲಿಲ್ಲಾ?"

ನಿನ್ನ ಟ್ರ್ಯಾಕ್ಟರನ್ನಾದರೂ ನಾಲ್ಕು ಸಲ ಹಾಯಿಸು ಎಂದರೆ, ಡೀಸೆಲ್ ತಳ ಕಂಡಿದೆ ಎಂದ ಸಿದ್ರಾಯ. ಅವನು ಟ್ರ್ಯಾಕ್ಟರ್ ನೆರಳಿಗೆ ನಿಲ್ಲಿಸಿ ನಿದ್ದೆ ಹೋದ. ಮುರಿಗೆಪ್ಪ ಒಬ್ಬನೇ ಕೋಲು ಹಿಡಿದು ಬಡಿಯಲು ಶುರುಮಾಡಿದ. ಬಡಿದಷ್ಟೂ ಧೂಳೆದ್ದು ಕಣ್ಣಿಗೆ ಹೋಯಿತು. ಕಣ್ಣಲ್ಲಿ ಧಾರಾಕಾರ ನೀರು.

ಅದೇ ಹೊತ್ತಿಗೆ ಶುಭಮ್ ಬೈಕಿನ ಮೇಲೆ ಬಂದ. ಶುಭಮ್ ಎಂದರೆ ಹುಕ್ಕೇರಿಯಿಂದ ಮೂಡಲಗಿಯವರೆಗೆ ಎಲ್ಲಿ ಏನಾದರೂ ಮೊಬೈಲಿನಲ್ಲೇ ಚಾನೆಲ್ ನಡೆಸುವ ಹುಡುಗ. ಏನೂ ಆಗದಿದ್ದರೂ ನಡೆಸುತ್ತಾನೆ. ರಸ್ತೆ ತುಂಬ ಬಿದ್ದ ಬೆಳೆ, ಅದರ ನಡುವೆ ಕೋಲು ಹಿಡಿದು ಕಣ್ಣೀರು ಸುರಿಸುತ್ತಿರುವ ರೈತ. ಇಷ್ಟನ್ನು ಕಂಡ ಶುಭಮ್ ಬೈಕಿನ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಇಳಿದ. ಬೈಕ್ ಧೊಪ್ಪೆಂದು ಬಿತ್ತು. ಅವನು ತಿರುಗಿ ನೋಡಲಿಲ್ಲ.

"ವೀಕ್ಷಕರೇ, ನೇರಪ್ರಸಾರದಲ್ಲಿ ನೋಡ್ತಾ ಇದ್ದೀರಿ! ಬೆವರು ಸುರಿಸಿ ಬೆಳೆದ ಬೆಳೆಯನ್ನು ಅನ್ನದಾತ ರಸ್ತೆಗೆ ಸುರಿದಿದ್ದಾನೆ! ಸಿಟ್ಟಿನಿಂದ ಅದನ್ನು ಕೋಲಿನಿಂದ ಹೊಡೀತಾ ಇದ್ದಾನೆ! ಯಜಮಾನ್ರೇ, ಹೇಳಿ, ಏನನಿಸ್ತಾ ಇದೆ?"

ಮುರಿಗೆಪ್ಪನಿಗೆ ಮೈಕು ಕಂಡರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಬಾಯಿ ತೆರೆದರೆ ಧೂಳಿನ ಕೆಮ್ಮು ಬಂತು.

"ದುಃಖದಿಂದ ಮಾತೇ ಹೊರಡ್ತಾ ಇಲ್ಲ, ವೀಕ್ಷಕರೇ!"

ನಾಯಿ ಎದ್ದು ಬೊಗಳಿತು. "ಮೂಕಪ್ರಾಣಿಯೂ ರೊಚ್ಚಿಗೆದ್ದಿದೆ!" ಎಂದ ಶುಭಮ್.

ಅಷ್ಟೇ. ಸ್ವಲ್ಪ ಹೊತ್ತಿನಲ್ಲಿ ಕ್ರಾಸಿನ ಹೋರಾಟವೆಲ್ಲ ಮೊಬೈಲಿನಲ್ಲಿ ಮುರಿಗೆಪ್ಪನನ್ನು ನೋಡಿ, ಅವನಿದ್ದಲ್ಲಿಗೇ ನಡೆದು ಬಂತು. ಮುಂದೆ ಹಸಿರು ಶಾಲು ಹೊದ್ದ ಮುಖಂಡ ಮಾಲಿಂಗಪ್ಪ. ಕ್ರಾಸಿನಲ್ಲಿ ಕರೆಂಟಿನ ಸಾಹೇಬರಿಗೆಂದು ತಂದಿಟ್ಟಿದ್ದ ಹಾರ ಮುರಿಗೆಪ್ಪನ ಕೊರಳಿಗೆ ಬಿತ್ತು.

"ನಾವೆಲ್ಲ ಬರೇ ಬಾಯಿಲೆ ಹೋರಾಟ ಮಾಡಿದ್ವಿ. ಈ ಮನುಷ್ಯಾ ಬೆಳೀನ ಬಿಟ್ಟ!" ಎಂದು ಮಾಲಿಂಗಪ್ಪ ಮೈಕಿನಲ್ಲಿ ಗದ್ಗದಿತನಾದ.

ಖರೆ ಹೇಳಿಬಿಡಬೇಕೆಂದು ಮುರಿಗೆಪ್ಪ ಬಾಯಿ ತೆರೆಯುವಷ್ಟರಲ್ಲಿ ಯಾರೋ ಅವನ ರಟ್ಟೆ ಹಿಡಿದೆಳೆದರು. ಸೋಮಪ್ಪ. ಮುರಿಗೆಪ್ಪನ ಬಾಜೂ ಹೊಲದ ಹಿರಿಯ. ಬದುವಿನ ಈಚೆ ಮುರಿಗೆಪ್ಪನ ಹುರಳಿ, ಆಚೆ ಸೋಮಪ್ಪನ ಹುರಳಿ. ಸ್ವಂತದ್ದು ಒಂದು ಕಾಳು ಬಿದ್ದರೂ ಬಗ್ಗಿ ಆರಿಸುವ, ಮಂದಿಯದಾದರೆ ಮೂಟೆಗಟ್ಟಲೆ ಬುದ್ಧಿ ಹೇಳುವ ಮನುಷ್ಯ.

"ಬಾಯಿ ಮುಚ್ಚು, ತಮ್ಮಾ," ಎಂದ ಸೋಮಪ್ಪ ಕಿವಿಯಲ್ಲಿ. "ರಾಶಿ ಮಾಡಾಕ ಹಾಕೇನಿ ಅಂದಿ ಅಂದ್ರ, ರಸ್ತಾ ಅಡ್ಡ ಹಾಕ್ಯಾನಂತ ಪೊಲೀಸರು ಒಯ್ತಾರ. ಹೋರಾಟಕ್ಕ ಹಾಕೇನಿ ಅಂದ್ರ ಅವರ ಬಂದು ನಿನಗ ನೀರು ಕೊಡ್ತಾರ."

ಅದು ಖರೆಯೇ ಇತ್ತು. ಅಷ್ಟೊತ್ತಿಗೆ ಒಬ್ಬ ಪೊಲೀಸ್ ನೀರಿನ ಬಾಟಲಿ ಹಿಡಿದು ಅವನ ಕಡೆಗೇ ಬರುತ್ತಿದ್ದ.

"ಆತ್ರಿ ಕಾಕಾ, ಸುಮ್ನಿರ್ತೇನಿ. ಆದ್ರ ಹುರಳಿ ಅಷ್ಟು ಬಾಚಿ ಚೀಲಕ್ಕ ಹಾಕ್ಕೋತೇನಿ. ಮೋಡ ಆಗೇತಿ."

"ನಾಚ್ಕಿ ಆಗೂದಿಲ್ಲೇನೋ?" ಸೋಮಪ್ಪ ಈಗ ಎಲ್ಲರಿಗೂ ಕೇಳುವಂತೆ ಅಂದ. "ಹೋರಾಟಕ್ಕ ಬಿಟ್ಟ ಮಾಲು ಹೊಳ್ಳಿ ತಗೋತಾರೇನು? ಊರ ಮರ್ಯಾದಿ ಐತಿ!"

ಚಪ್ಪಾಳೆ ಬಿದ್ದವು. ಮುರಿಗೆಪ್ಪ ಚೀಲ ಮಡಿಚಿ ಕಂಕುಳಲ್ಲಿಟ್ಟುಕೊಂಡ. ಕಣ್ಣೆದುರಿಗೆ ಕೆಂಚವ್ವನ ಮುಖ ಬಂತು. ಅದರ ಹಿಂದೆ ದನದ ಕೊಟ್ಟಿಗೆ ಬಂತು.

ಮಂದಿ ಹುರಳಿಯ ಮೇಲೇ ನಿಂತು ಘೋಷಣೆ ಶುರುಮಾಡಿದರು. "ಬೇಕೇ ಬೇಕು, ಕರೆಂಟ್ ಬೇಕು!" ಎನ್ನುತ್ತ ಕಾಲು ಕುಟ್ಟಿದರು. ತಲೆ ತಗ್ಗಿಸಿ ನಿಂತಿದ್ದ ಮುರಿಗೆಪ್ಪನಿಗೆ ಆಗ ಕೆಳಗೊಂದು ಸಂಗತಿ ಕಂಡಿತು. ಕಾಲು ಕುಟ್ಟಿದಲ್ಲೆಲ್ಲ ಕಾಯಿ ಪಟಪಟ ಒಡೆದು ಕೆಂಪನೆಯ ಕಾಳು ಉದುರುತ್ತಿತ್ತು! ಟ್ರ್ಯಾಕ್ಟರಿನ ಗಾಲಿ ಕೂಡ ಇಷ್ಟು ನೀಟಾಗಿ ತುಳಿಯುತ್ತಿರಲಿಲ್ಲ.

ಮರುಕ್ಷಣ ಮುರಿಗೆಪ್ಪ ಮಾಲಿಂಗಪ್ಪನ ಕೈಯಿಂದ ಮೈಕು ಕಿತ್ತುಕೊಂಡಿದ್ದ. ಅಂಟಿದ್ದ ನಾಲಿಗೆ ತಾನಾಗಿ ಬಿಚ್ಚಿತು.

"ಇಷ್ಟ ಕುಟ್ಟಿದ್ರ ಗೋಕಾಕಿನ ಆಫೀಸಿಗಿ ಕೇಳಸ್ತೈತೇನು? ಜೋರ ಕುಟ್ರಿ! ಬೇಕೇ ಬೇಕು!"

"ಕರೆಂಟ್ ಬೇಕು!"

"ಅಲ್ಲೆ ಗುಂಪು ಗುಂಪಾಗಿ ನಿಂದ್ರಬ್ಯಾಡ್ರಿ! ಈ ಕಡೆ ಸರೀರಿ! ಈ ಕಡೆ ಹೋರಾಟ ಕಮ್ಮಿ ಬಿದ್ದೈತಿ! ಯಕ್ಕಾ, ನೀವು ಅಲ್ಲಿ ಮೂಲಿಗಿ ಹೋಗ್ರಿ!"

ದಪ್ಪನೆಯ ಮಂದಿಯನ್ನು ಅವನು ಕಾಯಿ ದಟ್ಟವಾಗಿದ್ದಲ್ಲಿ ನಿಲ್ಲಿಸಿದ. ಹುಡುಗರಿಗೆ ಕುಣಿಯಲು ಹೇಳಿದ. ಒಂದು ಕಡೆ ಆಯಿತೆಂದರೆ ಹೊರಳಿಸಿ ಹಾಕಿ ಮತ್ತೆ ಘೋಷಣೆ ಕೂಗಿಸಿದ. ಇಂಥ ಶಿಸ್ತಿನ ಹೋರಾಟವನ್ನು ತನ್ನ ಜೀವಮಾನದಲ್ಲಿ ನೋಡಿಲ್ಲವೆಂದು ಮಾಲಿಂಗಪ್ಪ ಶುಭಮ್‌ನ ಮುಂದೆ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಸಣ್ಣ ಹೊಟ್ಟೆಕಿಚ್ಚೂ ಇತ್ತು.

ಇಳಿಹೊತ್ತಿಗೆ ಕರೆಂಟಿನ ಸಾಹೇಬರು ಜೀಪಿನಲ್ಲಿ ಬಂದರು.

"ಸಾಹೇಬ್ರ, ಹಿಂಗ ಬರ್ರಿ, ಹಿಂಗ," ಎಂದು ಮುರಿಗೆಪ್ಪ ಅವರ ಕೈ ಹಿಡಿದು ಒಡೆಯದ ಕಾಯಿಗಳ ಮೇಲೆ ಎರಡು ಸಲ ಅಡ್ಡಾಡಿಸಿದ. ಸಾಹೇಬರು ಬೂಟುಗಾಲಿನಲ್ಲಿ ಒಳ್ಳೆಯ ಕೆಲಸ ಮಾಡಿದರು. ಆಮೇಲೆ, ವಿಚಾರ ಮಾಡುವುದಾಗಿ ಮೇಲಿನವರಿಗೆ ತಿಳಿಸುವ ಬಗ್ಗೆ ಯೋಚಿಸುವುದಾಗಿ ಭರವಸೆ ಕೊಟ್ಟರು. ಹೋರಾಟಕ್ಕೆ ಜಯವಾಯಿತೆಂದು ಮಾಲಿಂಗಪ್ಪ ಸಾರಿದ.

ರಸ್ತೆಯ ಮೇಲೆ ಹುರಳಿ ಗುಪ್ಪೆಯಾಗಿ ಹೊಳೆಯುತ್ತಿತ್ತು. ಸಂಜೆಗಾಳಿ ಬೀಸಿ ಹೊಟ್ಟು ತಾನಾಗಿ ಬೇರೆಯಾಗುತ್ತಿತ್ತು. ಮುರಿಗೆಪ್ಪ ಚೀಲ ಬಿಚ್ಚಿದ. ಇನ್ನೇನು ತುಂಬಬೇಕು, ಆಗ ಸೋಮಪ್ಪ ಮೈಕು ಹಿಡಿದ.

"ಬಾಂಧವರೇ! ಇದು ಬರೇ ಹುರಳಿ ಅಲ್ಲ, ಪ್ರಸಾದ! ಪ್ರತಿಯೊಬ್ಬರೂ ತಗೊಂಡು ಹೋಗ್ರಿ! ನಮ್ಮ ಮುರಿಗೆಪ್ಪ ಬ್ಯಾಡನ್ನೂ ಕುಲದಾಂವಲ್ಲ!"

"ಕಾಕಾ…"

"ಮನಸು ದೊಡ್ಡದು ಮಾಡು, ತಮ್ಮಾ. ಹೊಟ್ಟಿ ಸಣ್ಣದು ಮಾಡಬ್ಯಾಡ."

ಸೋಮಪ್ಪ ಧೋತರ ಎತ್ತಿ ಕಟ್ಟಿ ಹಂಚಲು ನಿಂತ. ಮಂದಿಯ ಮಾಲೆಂದರೆ ಅವನ ಕೈಗೆ ಅದೆಲ್ಲಿಂದ ಅಷ್ಟು ಅಗಲ ಬರುತ್ತಿತ್ತೋ! ಬೊಗಸೆ ಬೊಗಸೆ ತುಂಬಿ, "ಅಷ್ಟ ಸಾಕೇನವಾ? ಸೆರಗು ಚಾಚು, ಇನ್ನೊಂದೀಟು ತಗೋ," ಎಂದು ಕರೆಕರೆದು ಹಾಕಿದ. ಸಾಹೇಬರ ಜೀಪಿಗೆ ಒಂದು ಪಿಶ್ವಿ ಚೀಲ ತುಂಬ ಇಟ್ಟ. ಪೊಲೀಸರ ಟೋಪಿಯಲ್ಲಿ ಹಾಕಿದ. ರಸ್ತೆ ತೆರೆದು ಬಂದ ಮೊದಲ ಬಸ್ಸನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, ಕಿಟಕಿ ಕಿಟಕಿಗೆ ಹಂಚಿದ. ಅಥಣಿಗೆ ಹೊರಟಿದ್ದ ಒಬ್ಬ ಮುದುಕ ಯಾಕೆ ಏನು ಎಂದು ತಿಳಿಯದೆಯೇ ಟವೆಲ್ಲಿನ ತುಂಬ ಹುರಳಿ ಕಟ್ಟಿಕೊಂಡ.

ಎಲ್ಲ ಮುಗಿದಾಗ ರಸ್ತೆಯಲ್ಲಿ ಹೊಟ್ಟು ಇತ್ತು. ಮುರಿಗೆಪ್ಪ ಇದ್ದ. ಖಾಲಿ ಚೀಲ ಇತ್ತು.

ಆಗಲೇ ಹೊಲದ ಕಡೆಯಿಂದ ಒಬ್ಬ ಹೆಂಗಸು ಎದೆ ಬಡಿದುಕೊಳ್ಳುತ್ತ ಓಡಿಬಂದಳು. ಸೋಮಪ್ಪನ ಹೆಂಡತಿ ಕಾಡವ್ವ.

"ಏನ್ರಿ, ಮಂದೀಗಿ ಹಂಚಕೋತ ನಿಂತೀರಲ್ಲ! ಹೊಲದಾಗ ನಮ್ಮ ಹುರಳಿ ಗುಡ್ಡಿ ಇಲ್ಲ! ಬುಡಸಹಿತ ಹೋಗೇತಿ! ಮುರಿಗೆಪ್ಪಂದು ಹೆಂಗ ಇತ್ತೋ ಹಂಗ ಐತಿ, ನಮ್ದ ಇಲ್ಲ!"

ನಿಧಾನಕ್ಕೆ ಎಲ್ಲರ ಕಣ್ಣೂ ಸಿದ್ರಾಯನ ಕಡೆ ತಿರುಗಿದವು. ಅವನು ಆಗಷ್ಟೇ ನಿದ್ದೆಯಿಂದ ಎದ್ದು ಮೈಮುರಿಯುತ್ತಿದ್ದ.

"ಬದುವಿನ ಕಡೀ ಗುಡ್ಡಿ ಅಂದಿದ್ರಿ," ಎಂದ ಸಿದ್ರಾಯ. "ಬದುವಿಗಿ ಎರಡು ಕಡಿ ಇರ್ತಾವಲ್ರಿ."

ಮುರಿಗೆಪ್ಪನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವನ ಮುಖ ಗ್ಯಾಸ್‌ಬತ್ತಿಯ ಹಾಗೆ ಬೆಳಗಿತು. ತನ್ನ ಹುರಳಿ ಹೊಲದಲ್ಲೇ ಇದೆ! ಪೂರ್ತಿ ಇದೆ!

ಸೋಮಪ್ಪ ಮಾತ್ರ ಆಗಷ್ಟೇ ಹೊರಟ ಬಸ್ಸಿನ ಹಿಂದೆ ಓಡುತ್ತಿದ್ದ. "ಏ ನಿಲ್ಲಸ್ರೋ! ಆ ಮುದುಕನ ಟವೆಲ್ ಬಿಚ್ಚಸ್ರೋ!" ಬಸ್ಸು ಅಥಣಿಯ ಕಡೆ ಹೋಯಿತು. ಸೋಮಪ್ಪ ಏದುಸಿರು ಬಿಡುತ್ತ ಹೊಳ್ಳಿ ಬಂದು ಮುರಿಗೆಪ್ಪನ ಎದುರಿಗೆ ನಿಂತ.

"ನಿನ್ನ ಗುಡ್ಡಿ ಇನ್ನ ನಂದು."

"ಅದ್ಹೆಂಗ್ರಿ ಕಾಕಾ? ಹೋರಾಟಕ್ಕ ಬಿಟ್ಟ ಮಾಲು ಹೊಳ್ಳಿ ತಗೋಬಾರದು ಅಂತ ನೀವ ಅಂದ್ರಲ್ಲ?"

"ಅದನ್ನ ನಿನ್ನ ಹುರಳಿಗಿ ಹೇಳಿದ್ದೆ. ನನ್ನ ಹುರಳಿಗಿ ಯಾವಾಗ ಹೇಳಿದ್ನಿ?"

ಮಾಲಿಂಗಪ್ಪ ಅದೇ ಮೈಕಿನಲ್ಲಿ ನ್ಯಾಯ ಹೇಳಿದ. ಸೋಮಪ್ಪನ ಒಡೆತನದ ಮಾಲು ಅವನ ಒಪ್ಪಿಗೆ ಇಲ್ಲದೆ ಹೋಗಿದೆ. ಹಂಚಿದ್ದು ಅವನ ಕೈಯೇ ಆದರೂ ಒಪ್ಪಿಗೆ ಇರಲಿಲ್ಲ. ಆದ್ದರಿಂದ ಮುರಿಗೆಪ್ಪ ತನ್ನದನ್ನು ಕೊಡತಕ್ಕದ್ದು. ಬೆಳಿಗ್ಗೆ ಹಾರ ಹಾಕಿದ ಮಂದಿಯೆಲ್ಲ ಹೌದು ಹೌದು ಎಂದರು. ಎಲ್ಲರ ಸೆರಗು, ಟವೆಲ್ಲು, ಜೇಬು ತುಂಬಿದ್ದವು, ಅವುಗಳಲ್ಲಿ ಕೈಯಾಡಿಸುತ್ತ ಅವರು ಬೇಗ ಬೇಗ ಮನೆಯ ದಾರಿ ಹಿಡಿದರು.

"ಮತ್ತ ನೆನಪಿರಲಿ," ಎಂದ ಸೋಮಪ್ಪ, "ನಂದು ರಾಶಿ ಆಗಿತ್ತು. ನಿಂದೂ ಬಡದು, ತೂರಿ, ಕಲ್ಲು ಹಳ್ಳು ಆರಿಸಿ, ಚೀಲದಾಗ ತುಂಬಿ ಕೊಡಬೇಕು."

ಮೋಡ ಒಂದು ಹನಿಯನ್ನೂ ಉದುರಿಸದೆ ಹುಕ್ಕೇರಿ ಕಡೆ ಹೋಯಿತು. ಆ ರಾತ್ರಿ ಮುರಿಗೆಪ್ಪ ಹೊಲದಲ್ಲೇ, ತನ್ನದಲ್ಲದ ತನ್ನ ಗುಡ್ಡೆ ಕಾಯುತ್ತ ಮಲಗಿದ. ಮರುದಿನ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಬಂದು ಮಧ್ಯಾಹ್ನದೊಳಗೆ ಹುರಳಿ ತುಳಿದುಕೊಟ್ಟವು. ಸೋಮಪ್ಪ ಬಾಜೂ ಕೂತು, ಸಿಡಿದುಹೋದ ಒಂದೊಂದು ಕಾಳನ್ನೂ ಬೆರಳು ಮಾಡಿ ತೋರಿಸಿ ಆರಿಸಿಸಿದ.

ಸಂಜೆ ಮುರಿಗೆಪ್ಪ ತುಂಬಿದ ಚೀಲ ತಲೆಯ ಮೇಲೆ ಹೊತ್ತು ಊರೊಳಗೆ ಬಂದ. ಸೋಮಪ್ಪನ ಮನೆಗೆ ಅವನ ಮನೆಯ ಮುಂದೆಯೇ ಹಾದುಹೋಗಬೇಕು. ಕೆಂಚವ್ವ ಬಾಗಿಲಲ್ಲಿ ನಿಂತಿದ್ದಳು. ಚೀಲ ಕಂಡು ಅವಳ ಮುಖ ಅರಳಿತು.

"ಬರ್ರಿ, ಬರ್ರಿ. ಒಂದ ದಿನ ತಡಾ ಆದ್ರೂ ಚಿಂತಿಲ್ಲ. ಪಡಸಾಲ್ಯಾಗ ಇಳಸ್ರಿ."

"ಇಲ್ಲ," ಎಂದ ಮುರಿಗೆಪ್ಪ ಚೀಲದ ಕೆಳಗಿನಿಂದ. "ಇದನ್ನ ಸೋಮಪ್ಪ ಕಾಕಾನ ಮನ್ಯಾಗ ಇಳಸಬೇಕು."

ಕೆಂಚವ್ವ ಚೀಲ ನೋಡಿದಳು. ಗಂಡನನ್ನು ನೋಡಿದಳು.

"ಹಂಗಾರ ನೀವೂ ಅಲ್ಲೇ ಇಳೀರಿ," ಎಂದು ಬಾಗಿಲು ಹಾಕಿಕೊಂಡಳು.