ಹಂಸಕೋಯನ ಕೆಂಪು ಪಟ್ಟಿ

ಬೂತಾಯಿ ಮೀನಿಗೆ ಹಂಸಕೋಯನ ಮೇಲೆ ಏನು ಹಗೆಯಿತ್ತೋ, ತಂಡಕ್ಕೆ ಏಳೇ ಜನರ ಸೆವೆನ್ಸ್ ಫುಟ್‌ಬಾಲ್ ಫೈನಲ್ಲಿನ ದಿನವೇ ಅವನ ಗಂಟಲಲ್ಲಿ ಮುಳ್ಳು ನೆಟ್ಟಿತು. ಮಲಪ್ಪುರಂ ಕಡೆಯ ಯಾವ ಮೈದಾನದಲ್ಲೇ ಆಗಲಿ, ಮೈಕ್ ಹಿಡಿದು ಆಟ ವರ್ಣಿಸುವವನು ಅವನೇ; ಊರವರ ಬಾಯಲ್ಲಿ ಅವನು 'ಇಕ್ಕಾ', ಅಂದರೆ ಅಣ್ಣ. ಸಂಜೆ ಆಟ, ಈಗ ಬಾಯಿ ತೆರೆದರೆ ಬೆಕ್ಕಿನ ಮರಿಯ ಸ್ವರ!

ಹೆಂಡತಿ ಸುಹರಾ ಅನ್ನದ ಉಂಡೆ ನುಂಗಿಸಿದಳು, ಆಚೆಮನೆಯಾಕೆ ಬಾಳೆಹಣ್ಣು ತುರುಕಿದಳು. ಜಪ್ಪಯ್ಯ ಅಂದರೂ ಮುಳ್ಳು ಅಲ್ಲಾಡಲಿಲ್ಲ. ಕೊನೆಗೆ ಪಕ್ಕದ ಮನೆಯ ಅಲವಿಕ್ಕುಟ್ಟಿ ಆಟೋ ತಂದು ಗಂಡ ಹೆಂಡತಿ ಇಬ್ಬರನ್ನೂ ಹತ್ತಿಸಿಕೊಂಡ. ಪಾಪ, ಅವನಿಗೆ ಮೈಕ್ ಸಿಗುತ್ತಿದ್ದುದು ಹಾಫ್‌ಟೈಮಿನಲ್ಲಿ ಬಹುಮಾನದ ಕೂಪನ್ ನಂಬರು ಓದುವುದಕ್ಕೆ ಮಾತ್ರ.

ಮೈದಾನದ ಎದುರಿನ ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ಹೊಸ ಪದ್ಧತಿ ಬಂದಿತ್ತು. ಬಾಗಿಲಲ್ಲೇ ನರ್ಸ್ ಕೈಗೊಂದು ಪಟ್ಟಿ ಕಟ್ಟುತ್ತಾಳೆ. ಜೀವಕ್ಕೆ ಅಪಾಯವಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಹಂಸಕೋಯನಿಗೆ ಹಸಿರು ಬಂತು.

"ಹಸಿರಾ? ಇಲ್ಲೇ ಕೂತು ಮುದುಕರಾಗ್ತೀರಿ ಇಕ್ಕಾ," ಅಲವಿಕ್ಕುಟ್ಟಿ ಕಿವಿಯಲ್ಲಿ ಉಸುರಿದ. "ಎದೆ ಹಿಡ್ಕೊಳ್ಳಿ. ಉಳಿದದ್ದು ನಂಗೆ ಬಿಡಿ."

ಹಂಸಕೋಯ ಎದೆ ಹಿಡಿದ. ಬೊಬ್ಬೆಯನ್ನು ಅಲವಿಕ್ಕುಟ್ಟಿ ಹೊಡೆದ. "ಅಯ್ಯೋ ಸಿಸ್ಟರೇ, ನಮ್ಮ ಇಕ್ಕಾ ಹೋಗ್ತಿದ್ದಾರೆ!"

ಹಸಿರು ಹೋಗಿ ಕೆಂಪು ಬಂತು. ಸ್ಟ್ರೆಚರ್ ಓಡಿತು. ಹೊಸ್ತಿಲು ದಾಟುವಾಗ ಅದು ಎತ್ತಿಹಾಕಿದ ರಭಸಕ್ಕೆ ಹಂಸಕೋಯ ಕೆಮ್ಮಿದ. ಮುಳ್ಳು ಹಾರಿ ಡಾಕ್ಟರಮ್ಮನ ಕೋಟಿನ ಮೇಲೆ ಬಿತ್ತು.

"ಗೋ...ಲ್!" ಎಂದು ಅರಚಿದ. ಅಬ್ಬಾ, ಸ್ವರ ವಾಪಸ್ ಬಂದಿತ್ತು! ಸುಹರಾ ಖುಷಿಗೆ ಅತ್ತೇಬಿಟ್ಟಳು. ಅವನಿಗೂ ಹೋದ ಜೀವ ಬಂದಂತಾಯಿತು.

"ಡಾಕ್ಟ್ರೇ, ಎದೆನೋವು ಸುಳ್ಳು. ಮುಳ್ಳು ಅಷ್ಟೇ. ನಾ ಹೊರಟೆ."

"ತಪ್ಪಿಸ್ಕೊಳ್ಳೋಕೆ ಎಲ್ರೂ ಹೀಗೇ ಹೇಳ್ತಾರೆ," ಡಾಕ್ಟರಮ್ಮ ಎದೆಗೆ ವೈರು ಅಂಟಿಸುತ್ತ ಅಂದರು. "ಕೆಂಪು ಪಟ್ಟಿ ಕಟ್ಟಿದ ಮೇಲೆ ನಾಳೆ ಬೆಳಗಿನವರೆಗೂ ಇಲ್ಲೇ."

"ಹಸಿರಲ್ಲೇ ಇದ್ದಿದ್ರೆ?"

ನರ್ಸ್ ನಕ್ಕಳು. "ಹಸಿರಿನವರಿಗೆ ಈಗ ಬೇರೆ ಡಾಕ್ಟ್ರೇ ಇದ್ದಾರಲ್ಲ ಇಕ್ಕಾ. ನಿಮ್ಮ ಹಿಂದೆ ನಿಂತಿದ್ದವರು ಕಿವಿಯಿಂದ ಹುಣಸೆಬೀಜ ತೆಗೆಸ್ಕೊಂಡು ಆಗ್ಲೇ ಮನೆಗೆ ಹೋದ್ರು."

ಹಂಸಕೋಯ ಅಲವಿಕ್ಕುಟ್ಟಿಗೆ ಉಗಿಯಲು ತಿರುಗಿದ. ಆಸಾಮಿ ನಾಪತ್ತೆ.

ಸಂಜೆ ಕಿಟಕಿಯಾಚೆ ಮೈದಾನದ ಮೈಕ್ ಕಿರುಗುಟ್ಟಿತು. ಅಲವಿಕ್ಕುಟ್ಟಿಯದೇ ಸ್ವರ!

"ಮಹನೀಯರೇ, ನಮ್ಮ ಹಂಸಕೋಯ ಇಕ್ಕಾ ಸಾವಿನ ಜೊತೆ ಸೆಣಸ್ತಿದ್ದಾರೆ. ಕಣ್ಣೀರು ಒರೆಸ್ಕೊಂಡು ನಾನು ಈ ಮೈಕ್ ಹಿಡಿದಿದ್ದೀನಿ. ಅವರಿಗಾಗಿ ಎಲ್ರೂ ಎದ್ದು ನಿಂತು ಒಂದು ನಿಮಿಷ ಮೌನ!"

"ನಾನು ಬದುಕಿದ್ದೀನ್ರೋ!" ಹಂಸಕೋಯ ಕಿಟಕಿಯತ್ತ ಕಿರುಚಿದ.

"ಶ್!" ಅಂದಳು ನರ್ಸ್. "ಕೆಂಪು ಪಟ್ಟಿಯವರು ಮಾತಾಡೋ ಹಾಗಿಲ್ಲ."