ಗಂಡನ ಹೆಸರೊಂದನ್ನು ಬಿಟ್ಟು

ನನ್ನ ಸೋದರತ್ತೆ ಘಾಟ್ಕೋಪರಿನಲ್ಲಿ ನಗರಸೇವಕಿ, ಅಂದರೆ ಕಾರ್ಪೊರೇಟರ್. ಮೈಕು ಸಿಕ್ಕರೆ ಮಂತ್ರಿಯಿಂದ ಹಿಡಿದು ವಾರ್ಡ್ ಆಫೀಸಿನ ಇಂಜಿನಿಯರ್‌ವರೆಗೆ ಎಲ್ಲರನ್ನೂ ಹೆಸರು ಹಿಡಿದು ಜಾಡಿಸುತ್ತಾಳೆ. ಅವಳ ಬಾಯಿಗೆ ಸಿಗದೆ ಉಳಿದ ಹೆಸರು ಇಡೀ ಮುಂಬಯಿಯಲ್ಲಿ ಒಂದೇ, ಅವಳ ಗಂಡನದು! ವಿಜಯಪುರದ ಕಡೆಯ ಹೆಣ್ಣುಮಗಳು; ಮದುವೆಮನೆಯಲ್ಲಿ ನಾಲ್ವರು ಕಾಡಿದರೆ ಪ್ರಾಸದ ಒಡಪು ಕಟ್ಟಿ, ಅದರೊಳಗೆ ಹೆಸರು ಅಡಗಿಸಿ ಹೇಳಿಯಾಳು. ಒಡಪಿಲ್ಲದೆ ಎಂದೂ ಹೇಳಿದವಳಲ್ಲ. ಅವಳಿಗೆ ಹೆದರಿ ನಾನೂ ಇಲ್ಲಿ ಬರೆಯುವುದಿಲ್ಲ.

ಪಕ್ಷಕ್ಕಾಗಿ ವರ್ಷಗಟ್ಟಲೆ ಪೋಸ್ಟರ್ ಅಂಟಿಸಿದವನು ಅವಳ ಗಂಡ, ನನ್ನ ಮಾಮಾ. ಟಿಕೆಟ್ ಸಿಗುವ ಹೊತ್ತಿಗೆ ವಾರ್ಡು ಮಹಿಳೆಯರಿಗೆ ಮೀಸಲಾಯಿತು, ಅತ್ತೆಯನ್ನು ನಿಲ್ಲಿಸಿದರು. ನಾಮಪತ್ರ ಕೊಡುವಾಗ ಅಧಿಕಾರಿ ಪೂರ್ತಿ ಹೆಸರು ಕೇಳಿದ. ಈ ಊರಲ್ಲಿ ಹೆಂಗಸಿನ ಹೆಸರಿನ ನಡುವೆ ಗಂಡನ ಹೆಸರು ಬೇಕೇ ಬೇಕಲ್ಲ! ಅತ್ತೆ ತನ್ನ ಹೆಸರು ಹೇಳಿದಳು, ಅಡ್ಡಹೆಸರು ಹೇಳಿದಳು, ನಡುವಿನದಕ್ಕೆ ಮಾಮಾನತ್ತ ಬೆರಳು ತೋರಿಸಿದಳು. "ವೋ ಖಡೇ ಹೈ ನಾ ಸಾಬ್, ಉನ್ಕೋ ಪೂಛೋ."

ಗೆದ್ದಳು. ಸಹಿ ಇವಳದು, ಕಾರಭಾರ ತನ್ನದು ಎಂದುಕೊಂಡ ಮಾಮಾ ಮೊದಲ ದಿನವೇ ಆಫೀಸಿನಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತ.

"ಏನ್ರಿ ನಿಮ್ಮ ತಕರಾರು?" ಎಂದಳು ಅತ್ತೆ.

"ನಮ್ಮ ಬಿಲ್ಡಿಂಗಿಗೆ ನೀರ ಬರವಲ್ದು," ಎಂದು ಮಾಮಾ ನಕ್ಕ.

"ಹಂಗಾದ್ರ ಪಾಳಿಗೆ ನಿಂದರ್ರಿ."

ಜನರ ಸಾಲಿನಲ್ಲಿ ನಿಂತ, ಪಾಪ. ಅಂದಿನಿಂದ ಅವಳು ಎಲ್ಲಿ ಕೂತರೂ ಪಕ್ಕದ ಕುರ್ಚಿ ಅವಳ ಚೀಲಕ್ಕೆ ಮೀಸಲು.

ಈ ಸಲ ವಾರ್ಡಿನ ಮೀಸಲಾತಿ ಹೋಯಿತು. ಪಕ್ಷದ ಹಿರಿಯರಿಗೆ ಥಟ್ಟನೆ ಮಾಮಾನ ನೆನಪಾಯಿತು. ಗಂಡನಿಗೇ ಟಿಕೆಟ್ ಎಂದರೆ ಹೆಂಡತಿ ಜಗಳ ತೆಗೆಯುವುದು ಹೇಗೆ? ಕಾರ್ಯಕರ್ತರ ಸಭೆಯಲ್ಲಿ ಅತ್ತೆಯೇ ಅವನ ಹೆಸರು ಸೂಚಿಸಲಿ ಎಂದರು. ಗಟಾರ ಗಟಾರ ಅಲೆದು ಕಟ್ಟಿಕೊಂಡ ವಾರ್ಡನ್ನು ಅವಳು ತನ್ನ ಬಾಯಿಂದಲೇ ಬಿಟ್ಟುಕೊಡಬೇಕಿತ್ತು. ಅವಳು ಮೈಕಿನ ಮುಂದೆ ನಿಂತಾಗ ನಮ್ಮ ಕಡೆಯ ಹೆಂಗಸರು, "ಒಡಪ ಹೇಳ್ರಿ, ಒಡಪ!" ಎಂದು ಕಾಡಿದರು.

ಅತ್ತೆ ಒಡಪು ಹೇಳಲಿಲ್ಲ. ಮಾಮಾನ ಹೆಸರನ್ನು ನೇರವಾಗಿ, ಅಡ್ಡಹೆಸರಿನ ಸಮೇತ ಹೇಳಿ ಬಂದು ಕೂತಳು. ನನಗೆ ಅಳುವೇ ಬಂತು.

ಮಾಮಾ ಎದ್ದು ಹೋಗಿ ಮೈಕು ಹಿಡಿದ. "ಲಗ್ನ ಆದಾಗಿಂದ ಈಕಿ ಬಾಯಾಗ ಒಡಪಿಲ್ಲದ ನನ್ನ ಹೆಸರು ಕೇಳಬೇಕಂತಿತ್ತು. ಕೇಳಿದೆ. ನನಗ ಅಷ್ಟ ಸಾಕು. ಟಿಕೆಟ್ ಈಕೀಗೇ ಕೊಡ್ರಿ, ನಾ ಪೋಸ್ಟರ್ ಹಚ್ಚತೀನಿ."

ಅತ್ತೆ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ಎತ್ತಿ ಕೆಳಗಿಟ್ಟಳು.